ಇನ್ನೂ ಹುಟ್ಟದ ಕೂಸಿನ ಗುಗ್ಗರಿ

ಬಟ್ಟೆ ನೆನೆಹಾಕುವ ಮೊದಲು ಜೇಬು ತಡವಿ ನೋಡುವುದು ಸೌಭಾಗ್ಯಳ ರೂಢಿ. ಆವತ್ತು ಮಾತ್ರ ಮರೆತಳು. ಮಾವನ ಅಂಗಿ ಬಕೆಟ್ಟಿಗೆ ಬಿದ್ದದ್ದೇ ತಡ, ಜೇಬಿನಿಂದ ಖಾಲಿ ಚಿಪ್ಸ್ ಪ್ಯಾಕೆಟ್ಟೊಂದು ಹೊರಬಂತು. ಉಗುರಿನಷ್ಟಾಗುವಂತೆ ಮಡಚಿ ಮಡಚಿ ಇಟ್ಟಿದ್ದರೂ ನೀರು ಕಂಡೊಡನೆ ಚಟಚಟ ಬಿಚ್ಚಿಕೊಂಡು ಮೇಲೆ ತೇಲಿತು.

"ಮಾವಾ, ಇದೇನಿದು?"

ಕಟ್ಟೆಯ ಮೇಲೆ ಕೂತಿದ್ದ ದೊಡ್ಡಬೀರಪ್ಪ ಒಮ್ಮೆ ಪ್ಯಾಕೆಟ್ ನೋಡಿದ, ಒಮ್ಮೆ ಆಕಾಶ ನೋಡಿದ. "ಗಾಳಿಗೆ ಹಾರಿ ಬಂದಿರಬೇಕು ತಾಯಿ."

"ಗಾಳಿಗೆ ಬಂದು, ತಾನೇ ಮಡಚಿಕಂಡು, ನಿಮ್ಮ ಜೇಬಿನಾಗ ಕುಂತೈತೇನು?"

ದೊಡ್ಡಬೀರಪ್ಪ ಮೀಸೆ ಸವರಿಕೊಂಡ. ಹಿಂಡಿನ ಹಿಂದೆ ಅರ್ಧ ಜೀವಮಾನ ನಡೆದವನು ಅವನು. ಒಂದು ಸಿಳ್ಳೆಗೆ ಎಂಥ ಸೊಕ್ಕಿನ ಟಗರನ್ನಾದರೂ ನಿಲ್ಲಿಸುತ್ತಿದ್ದ. ಆದರೆ ಮೊಮ್ಮಗಳು ದುರ್ಗಿ ಸಾಲಿ ಬಿಟ್ಟು ಬರುವಾಗ ಅಂಗಡಿಯ ಮುಂದೆ ನಿಂತು, ಕತ್ತು ಒಂದು ಕಡೆ ವಾಲಿಸಿ, "ತಾತಾ..." ಅಂದರೆ ಮುಗಿಯಿತು. ಬಿಸಿಲಿಗೆ ಇಟ್ಟ ಬೆಲ್ಲದ ಹಾಗೆ ನಿಂತಲ್ಲೇ ಕರಗುತ್ತಿದ್ದ.

"ಮಗಿ ರೊಟ್ಟಿ ಮುಟ್ಟವಲ್ದು, ಬ್ಯಾಳಿ ಮುಟ್ಟವಲ್ದು. ಹಲ್ಲು ನೋಡಿದ್ರೆ ಎಲ್ಲಾ ಹುಳುಕು," ಸೌಭಾಗ್ಯ ಸೆರಗು ಸಿಕ್ಕಿಸಿಕೊಂಡಳು. "ಇವತ್ತು ನಾ ತೆಲಿಗಿಗೆ ಹೋಗಿ ನಿಮ್ಮ ಮಗಳು ಸಂಗೀತನ್ನ ಮಾತಾಡಿಸ್ಕಂಡು ಸಂಜಿಕೆ ಬರ್ತೀನಿ. ದಿನ ತುಂಬ್ಯಾವು, ಒಬ್ಬಾಕಿನೇ ಅದಾಳ. ದುರ್ಗಿ ಸಾಲಿಂದ ಬಂದಕೂಡ್ಲೇ ಮನ್ಯಾಗ ಮಾಡಿದ್ದು ಏನಾರ ಒಳ್ಳೇದು ತಿನ್ನಬೇಕು. ಇನ್ನೊಂದು ಪ್ಯಾಕೆಟ್ ನನ್ನ ಕಣ್ಣಿಗೆ ಬಿತ್ತೋ, ನಾಳಿಂದ ಆಕಿ ಸಾಲಿ ಬಿಟ್ಟು ಸೀದಾ ಶೃತಿ ಟೀಚರ್ ಟ್ಯೂಷನ್ನಿಗೆ. ದೀಪ ಹಚ್ಚತನ ಅಲ್ಲೇ."

ಇಷ್ಟು ಹೇಳಿ ಚೀಲ ಹಿಡಿದು ಬಸ್ಸಿಗೆ ಹೊರಟಳು. ಮೊಣಕಾಲು ಕೈಕೊಟ್ಟು ಕುರಿ ಮಾರಿದ ಮೇಲೆ ದೊಡ್ಡಬೀರಪ್ಪನಿಗೆ ದಿನ ಅಂತ ಇದ್ದದ್ದೇ ಆ ಸಂಜೆಯ ಹೊತ್ತು. ದುರ್ಗಿ ಕಂಬಳಿಯ ಮೇಲೆ ಪಕ್ಕದಲ್ಲಿ ಕೂತು, ಮೀಸೆ ಎಳೆದು, "ತೋಳ ಬಂದ ಕತಿ ಹೇಳು" ಅನ್ನುವವರೆಗೆ ಅವನಿಗೆ ಬೆಳಗಾದ ಹಾಗೇ ಅನ್ನಿಸುತ್ತಿರಲಿಲ್ಲ.

ಏನು ಮಾಡುವುದು? ಕೂತು ಯೋಚಿಸಿದ. ತಾನು ಸಣ್ಣವನಿದ್ದಾಗ ಏನು ತಿನ್ನುತ್ತಿದ್ದೆ? ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲದ ಚೂರಿನ ಜೊತೆ ಬಾಯಿಗೆ ಹಾಕಿಕೊಂಡರೆ ಹಾಲು ಚಿಮ್ಮುತ್ತಿತ್ತು. ಆದರೆ ಈಗ ತೆನೆ ಎಲ್ಲಿವೆ? ಹುಣಸೆಹಣ್ಣು, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿಯನ್ನು ಹುಡುಗರೆಲ್ಲ ಸಾಲಾಗಿ ಕೂತು ಚೀಪುತ್ತಿದ್ದರು. ಕಡ್ಡಿ ಬೆಳ್ಳಗಾದ ಮೇಲೂ ಎಸೆಯುತ್ತಿರಲಿಲ್ಲ. ದುರ್ಗಿಯ ಹುಳುಕು ಹಲ್ಲಿಗೆ ಹುಳಿ ಆಗದು. ಜೋಳದ ಅಳ್ಳು ಹುರಿಯೋಣವೆಂದರೆ ಅವು ಅರಳಿ ಮಲ್ಲಿಗೆ ಆಗುವುದು ಅವನ ಅವ್ವನ ಕೈಯಲ್ಲಿ ಮಾತ್ರ. ಅವನ ಕೈಯಲ್ಲಿ ಕಪ್ಪಾಗಿ ಕೂರುತ್ತಿದ್ದವು.

ಕೊನೆಗೆ ನೆನಪಾಯಿತು, ಗುಗ್ಗರಿ! ಅದನ್ನು ಅವನು ಚೆನ್ನಾಗಿ ಬಲ್ಲ. ಕುರಿಹಟ್ಟಿಯಲ್ಲಿ ಚಳಿಯ ಬೆಳಗುಗಳಲ್ಲಿ ಬೇಯಿಸಿದ ಕೈ ಅದು.

ತೊಂದರೆ ಶುರುವಾದದ್ದೇ ಅಲ್ಲಿ. ಹಟ್ಟಿಯ ಮಂದಿಗೆಲ್ಲ ಬೇಯಿಸಿದ ಕೈಗೆ ಒಂದು ಮಗುವಿನ ಅಳತೆ ಗೊತ್ತಾಗುವುದು ಹೇಗೆ? ಹುರಳಿ, ಹೆಸರು, ಅಲಸಂದಿ, ಮಡಿಕೆ, ಕಡಲೆ ಅಂತ ಡಬ್ಬಿ ಡಬ್ಬಿ ಹುಡುಕಿ ಬೊಗಸೆ ಬೊಗಸೆ ಸುರಿದ. ಗ್ಯಾಸ್ ಒಲೆ ಕಂಡರೆ ಅವನಿಗೆ ಹೆದರಿಕೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕಟ್ಟಿಗೆ ಹಚ್ಚಿದ. ಕಾಳು ಉಬ್ಬಿ ಬೋಗುಣಿ ತುಂಬಿತು, ತಪ್ಪೇಲಿಗೆ ಸುರಿದ. ತಪ್ಪೇಲಿ ತುಂಬಿ ಮುಚ್ಚಳ ಎತ್ತಿತು. ನೀರು ಕಾಸುವ ಹಂಡೆಗೆ ಸುರಿದ. ಅರಿಶಿನ, ಉಪ್ಪು ಹಾಕಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟಾಗ ಆ ವಾಸನೆ ಹಿತ್ತಲ ಗೋಡೆ ಹಾರಿ, ಓಣಿಗೆ ಇಳಿದು, ಒಂದೊಂದೇ ಬಾಗಿಲು ಬಡಿಯುತ್ತಾ ಹೋಯಿತು.

ಮೊದಲು ಗೋಡೆಯ ಮೇಲೆ ಕಂಡದ್ದು ಪಕ್ಕದ ಮನೆಯ ಹಂಪಕ್ಕನ ತಲೆ.

"ಬೀರಣ್ಣಾ, ಗುಗ್ಗರಿನಾ?"

"ಹ್ಞೂಂ ಬೇ."

"ಹೆಣ್ಣೋ, ಗಂಡೋ?"

"ಏನು ಹೆಣ್ಣೋ ಗಂಡೋ?"

"ಸಂಗೀತಗ!"

ಆ ಓಣಿಯಲ್ಲಿ ಐದು ಕಾಳಿನ ಗುಗ್ಗರಿ ಸುಮ್ಮಸುಮ್ಮನೆ ಬೇಯುವುದಿಲ್ಲ. ಮನೆಯ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಬೇಯಿಸಿ ಹಂಚುವುದು ರೂಢಿ. ಸುದ್ದಿ ತಿಳಿದವರು ಬಟ್ಟಲು ಹಿಡಿದು ಹೋಗಬೇಕು, ಮನೆಯವರು ಇಲ್ಲ ಅನ್ನಬಾರದು, ಅಂದರೆ ಕೂಸಿಗೆ ಹೊಟ್ಟೆನೋವು ಬರುತ್ತದೆಂದು ಹಳಬರ ನಂಬಿಕೆ. ಜೊತೆಗೆ ಇನ್ನೊಂದು: ಹಸುಗೂಸಿಗೆ ದೃಷ್ಟಿ ಆದೀತೆಂದು ಮನೆಯವರು ಬೇಗ ಬಾಯಿ ಬಿಡುವುದಿಲ್ಲ.

"ಏನೂ ಹುಟ್ಟಿಲ್ಲ ಬೇ. ಇದು ದುರ್ಗಿಗೆ, ಸಾಲಿಂದ ಬಂದಮ್ಯಾಲೆ ತಿನ್ನಾಕ."

ಹಂಪಕ್ಕ ಹಂಡೆ ನೋಡಿದಳು. ಅದರೊಳಗೆ ದುರ್ಗಿಯನ್ನು ಕೂರಿಸಿ ಜಳಕ ಮಾಡಿಸಬಹುದಿತ್ತು. "ಆತು ಬಿಡಣ್ಣಾ, ಹೇಳಬ್ಯಾಡ," ಎಂದು ಕಣ್ಣು ಮಿಟುಕಿಸಿದಳು. "ಮುಂಜಾನಿ ಸೌಭಾಗ್ಯ ಚೀಲ ಹಿಡ್ಕಂಡು ತೆಲಿಗಿ ಬಸ್ಸಿಗೆ ಓಡಿದ್ದು ನಾ ನೋಡೀನಿ."

ತಲೆ ಮಾಯವಾಯಿತು. ಮರುಗಳಿಗೆಗೆ ಬಟ್ಟಲು ಸಮೇತ ಮುಂಬಾಗಿಲಲ್ಲಿ ಇದ್ದಳು. ಅವಳ ಹಿಂದೆ ಹೊನ್ನೂರಮ್ಮ, ಹೊನ್ನೂರಮ್ಮನ ಹಿಂದೆ ಅರ್ಧ ಓಣಿ. ಎಲ್ಲರಿಗಿಂತ ಕೊನೆಗೆ, ಕೈಯಲ್ಲಿ ದೊಡ್ಡ ಗಂಗಾಳ ಹಿಡಿದು, ಹಳೆಯ ಗೆಣೆಯ ಉಚ್ಚಂಗೆಪ್ಪ.

"ಲೇ ಬೀರ್ಯಾ, ಮೊಮ್ಮಗ ಹುಟ್ಟಿದ್ರೂ ನನಗೊಂದು ಮಾತು ಹೇಳಲಿಲ್ಲಲ್ಲಲೇ!"

"ಯಾವ ಮೊಮ್ಮಗನಲೇ?"

"ನೋಡ್ರಿ, ಗಂಡಂತ! ಅವನ ಬಾಯಿಂದನ ಬಂತು!"

"ನಿನ್ನ ಬಾಯಾಗ ಮಣ್ಣಾಕ! ಫೋನ್ ಹಚ್ಚಿ ಸಂಗೀತನ್ನ ಕೇಳ್ರೆಲೇ!"

"ಬಾಣಂತಿಗೆ ಫೋನ್ ಮಾಡ್ತಾರೇನು? ಮಲಗಿರ್ತಾಳ, ಸುಮ್ನಿರು," ಎಂದು ಹೊನ್ನೂರಮ್ಮ ಗದರಿದಳು.

ಅವನು ಇಲ್ಲ ಅಂದಷ್ಟೂ ಅವರಿಗೆ ಖಾತ್ರಿಯಾಗುತ್ತಾ ಹೋಯಿತು. ಬೇರೆ ದಾರಿ ಕಾಣದೆ ಸೌಟು ಹಿಡಿದ. ಒಂದೊಂದೇ ಸೌಟು ಹಾಕಿ ಕಳಿಸಿಬಿಡೋಣ, ದುರ್ಗಿಗೆ ಬೇಕಾದಷ್ಟು ಉಳಿಯುತ್ತದೆ ಅಂದುಕೊಂಡ.

ಆದರೆ ಯಾರೂ ಹೋಗಲಿಲ್ಲ. ಬಟ್ಟಲನ್ನು ಮನೆಗೆ ಒಯ್ಯುವ ಮೊದಲು ಒಂದು ಹಿಡಿ ಬಾಯಿಗೆ ಹಾಕಿಕೊಂಡರು, ಹಾಗೇ ಕಟ್ಟೆಗೆ ಕೂತರು. ಕಟ್ಟೆಯ ತುಂಬ ಅಗಿಯುವ ಸಪ್ಪಳ.

"ನಮ್ಮವ್ವ ಬಿಸಿಬಿಸಿ ಗುಗ್ಗರಿನ ಲಂಗದ ಉಡಿಗೆ ಹಾಕತಿದ್ಲು," ಹೊನ್ನೂರಮ್ಮ ಯಾರನ್ನೂ ನೋಡದೆ ಹೇಳಿದಳು. "ಸುಡ್ತತಿ ಅಂತ ಕುಣೀತಿದ್ವಿ, ಚೆಲ್ಲತತಿ ಅಂತ ನಿಲ್ಲತಿದ್ವಿ. ಸಾಲಿ ಮುಟ್ಟೋದ್ರಾಗ ಉಡಿನೂ ಖಾಲಿ, ಹಸಿವೂ ಖಾಲಿ."

"ನಂದು ಅಂಗಿ ಜೇಬು," ಉಚ್ಚಂಗೆಪ್ಪ ಎದೆ ಮುಟ್ಟಿಕೊಂಡ. "ಒಂದೇ ಅಂಗಿ. ಜೇಬಿನ ಅರಿಶಿಣದ ಕಲೆ ಹೋಗ್ಲೇ ಇಲ್ಲ. ಮಾಸ್ತರು ಅದನ್ನ ನೋಡಿ ನನಗ ಗುಗ್ಗರಿ ಅಂತನ ಕರೀತಿದ್ರು."

ದೊಡ್ಡಬೀರಪ್ಪನಿಗೆ ತನ್ನ ಅವ್ವ ಕಂಡಳು. ಬೆಳಗಿನ ಮಂಜಿನಲ್ಲಿ ಹಟ್ಟಿಯ ಒಲೆ ಮುಂದೆ ಕೂತು, ಗುಗ್ಗರಿಯನ್ನು ಅವನ ಕಂಬಳಿಯ ಚುಂಗಿಗೆ ಕಟ್ಟಿ, "ಬಿಸಲೇರತನ ಬಿಚ್ಚಬ್ಯಾಡ" ಅನ್ನುತ್ತಿದ್ದಳು. ಅವನು ಮೊದಲನೇ ಗುಡ್ಡ ದಾಟುವ ಮೊದಲೇ ಬಿಚ್ಚುತ್ತಿದ್ದ. ಒಂದೊಂದೇ ಕಾಳು ತಾನೂ ತಿಂದು, ಹಿಂದೆ ಬಿದ್ದ ಕುಂಟ ಮರಿಗೂ ತಿನಿಸುತ್ತಿದ್ದ. ಅಂಗಡಿ ಅನ್ನುವುದು ಆಗ ಬೇರೆ ಊರಿನ ಮಾತು.

ಕಣ್ಣು ಮಂಜಾಯಿತು, ಕೈ ಧಾರಾಳವಾಯಿತು. "ಹಾಕ್ಕಳ್ರಿ, ಹಾಕ್ಕಳ್ರಿ" ಎಂದು ತಾನೇ ಬಡಿಸತೊಡಗಿದ. ಸೌಟು ಹಂಡೆಯ ತಳಕ್ಕೆ ಟಣ್ ಅಂದಾಗಲೇ ಅವನಿಗೆ ಎಚ್ಚರ. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಸಾಲಿ ಬಿಟ್ಟ ಮಕ್ಕಳ ಗಲಾಟೆ ಕೇಳಿಸಿತು. ಕೈಯಾಡಿಸಿ ಎಲ್ಲರನ್ನೂ ಎಬ್ಬಿಸಿ ಕಳಿಸಿ, ತಳ ಕೆರೆದು ನೋಡಿದರೆ ಎರಡು ಬಟ್ಟಲು ಉಳಿದಿತ್ತು. ದೇವರು ದೊಡ್ಡವನು ಅಂದುಕೊಂಡ.

ದುರ್ಗಿ ಬಂದು ಬಟ್ಟಲನ್ನು ಹೊಸ ಸೊಪ್ಪು ಕಂಡ ಮೇಕೆಯ ಹಾಗೆ ಮೂಸಿದಳು. ಒಂದು ಕಾಳು ಬಾಯಿಗೆ ಹಾಕಿಕೊಂಡಳು.

"ತಾತಾ, ಇದು ಸೌಂಡ್ ಬರಲ್ಲ."

"ಬರ್ತತಿ. ಹೊರಗ ಅಲ್ಲ, ಒಳಗ. ಎರಡೂ ಕಿವಿ ಮುಚ್ಕಂಡು ಅಗಿ."

ಅವಳು ಕಿವಿ ಮುಚ್ಚಿಕೊಂಡು ಅಗಿದಳು. ಕಣ್ಣು ಅಗಲವಾದವು. "ತಾತಾ! ತಲಿಯಾಗ ಯಾರೋ ನಡದಾಡಾಕತ್ತಾರ!"

ಒಂದು ಬಟ್ಟಲು ಮುಗಿಯಿತು. ಆಮೇಲೆ ಅವಳೇ ಕೇಳಿ ಸಮವಸ್ತ್ರದ ಜೇಬಿಗೆ ಒಂದು ಹಿಡಿ ಹಾಕಿಸಿಕೊಂಡಳು. ದೊಡ್ಡಬೀರಪ್ಪ ಮೀಸೆ ತಿರುವಿ ಕಂಬಳಿ ಹಾಸಿದ. ತೋಳದ ಕತೆ ಇನ್ನೇನು ಗುಡ್ಡ ಹತ್ತಬೇಕು, ಹಂಪಕ್ಕ ಅದೇ ಬಟ್ಟಲು ಹಿಡಿದು ಮತ್ತೆ ಬಂದಳು.

"ಬರಿಗೈಲೆ ಗುಗ್ಗರಿ ಒಯ್ಯಬಾರ್ದಲ್ಲ ಅಣ್ಣಾ."

ಗುಗ್ಗರಿ ಒಯ್ದವರು ಅದೇ ಬಟ್ಟಲಲ್ಲಿ ಏನಾದರೂ ತಿರುಗಿ ತಂದುಕೊಡುವುದು ಅಲ್ಲಿಯ ಪದ್ಧತಿ. ಹಿಂದೆ ಬೆಲ್ಲದ ಚೂರೋ, ಮುಷ್ಟಿ ಜೋಳವೋ, ಎಳೆ ಬದನೆಕಾಯಿಯೋ ಇರುತ್ತಿತ್ತು. ಹಂಪಕ್ಕನ ಬಟ್ಟಲಲ್ಲಿ ಗಾಳಿ ತುಂಬಿ ಉಬ್ಬಿದ ಚಿಪ್ಸ್ ಪ್ಯಾಕೆಟ್ಟಿತ್ತು. "ಮನ್ಯಾಗ ಇದ ಇತ್ತು. ತಮ್ಮ ಹುಟ್ಯಾನಲ್ಲ, ದುರ್ಗಿ ತಿನ್ಲಿ."

ಹೊನ್ನೂರಮ್ಮನ ಬಟ್ಟಲಲ್ಲಿ ಎರಡಿದ್ದವು. ಉಚ್ಚಂಗೆಪ್ಪನ ಗಂಗಾಳ ದೊಡ್ಡದಾದ್ದರಿಂದ ಪ್ಯಾಕೆಟ್ಟೂ ತಲೆದಿಂಬಿನಷ್ಟಿತ್ತು. ಓಣಿಯ ಯಾವ ಮನೆಯಲ್ಲೂ ಬೆಲ್ಲದ ಚೂರು ಉಳಿದಂತಿರಲಿಲ್ಲ. ನೋಡನೋಡುತ್ತಾ ಕಟ್ಟೆ ಅಂಗಡಿಯಾಯಿತು. ಅವನು ಒಂದು ತಿಂಗಳಲ್ಲಿ ಕದ್ದು ಕೊಡಿಸಿದ್ದಕ್ಕಿಂತ ಹೆಚ್ಚು ಅಲ್ಲೇ ಬಿದ್ದಿತ್ತು.

"ತಾತಾ..." ದುರ್ಗಿಯ ಕತ್ತು ಆಗಲೇ ವಾಲಿತ್ತು.

"ಮುಟ್ಟಬ್ಯಾಡ ತಾಯಿ, ನಿಮ್ಮವ್ವ ನನ್ನ ಊರು ಬಿಡಿಸ್ತಾಳ!"

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಗಡಿಬಿಡಿಯಲ್ಲಿ ಎಲ್ಲವನ್ನೂ ಕಂಬಳಿಯ ಕೆಳಗೆ ತುರುಕಿದ. ಕಂಬಳಿ ಬಸುರಿಯ ಹಾಗೆ ಉಬ್ಬಿತು. ಸೌಭಾಗ್ಯ ಒಳಗೆ ಕಾಲಿಟ್ಟಾಗ ಗಾಬರಿಯಲ್ಲಿ ಅದರ ಮೇಲೆಯೇ ಕೂತುಬಿಟ್ಟ.

ಪಟ್! ಪಟಾರ್! ಪಟ್!

ಸೌಭಾಗ್ಯ ಕಂಬಳಿಯ ಅಂಚು ಎತ್ತಿದಳು. ನೋಡಿದಳು. ಒಡೆದ ಪ್ಯಾಕೆಟ್ಟೊಂದನ್ನು ಅವನ ಮುಖದ ಮುಂದೆ ಹಿಡಿದಳು.

"ನಾ ತಂದಿಲ್ಲ ತಾಯಿ. ಓಣಿ ಮಂದಿ ಕೊಟ್ರು."

"ಓಣಿ ಮಂದಿ. ಮುಂಜಾನಿ ಗಾಳಿ, ಈಗ ಓಣಿ ಮಂದಿ."

ಅಷ್ಟರಲ್ಲಿ ಪುಣ್ಯಕ್ಕೆ ಹಂಪಕ್ಕ ಓಡಿಬಂದಳು. "ಬಂದ್ಯಾ ಸೌಭಾಗ್ಯಾ? ಕೂಸು ಯಾರಂಗೈತಿ? ಸಂಗೀತನಂಗೋ, ಅಳಿಯನಂಗೋ?"

"ಯಾವ ಕೂಸಕ್ಕಾ? ಆಕಿಗೆ ಇನ್ನೂ ನೋವೇ ಬಂದಿಲ್ಲ!"

"ಮತ್ತ ನಿಮ್ಮ ಮಾವ ಹಂಡೆಗಟ್ಲೆ ಗುಗ್ಗರಿ ಬೇಯಿಸಿ ಹಂಚ್ಯಾನ? ಅದಕ್ಕ ನಾವು ಬಟ್ಲದಾಗ ಇವನ್ನ ಹಾಕಿ ಕೊಟ್ಟೀವಿ!"

"ದುರ್ಗಿಗೆ ಅಂತ ಹೇಳಿದ್ನಲ್ಲ ಬೇ!" ದೊಡ್ಡಬೀರಪ್ಪ ಕೂಗಿದ.

"ಹಿಂಗ ಖರೇ ಹೇಳಿದ್ರೆ ಯಾರು ನಂಬ್ತಾರ?" ಎಂದು ಹಂಪಕ್ಕ ಅವನ ಮೇಲೆಯೇ ರೇಗಿ, ಸೆರಗು ಕೊಡವಿ ಹೋದಳು.

ಸೌಭಾಗ್ಯ ಮಗಳ ಜೇಬಿನ ಅರಿಶಿನದ ಕಲೆ ನೋಡಿದಳು. ಉಳಿದಿದ್ದ ಬಟ್ಟಲಿನಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು, ಇನ್ನೊಂದು ಹಿಡಿ ಹಾಕಿಕೊಂಡಳು. ಆಮೇಲೆ ನಗತೊಡಗಿದವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನಮ್ಮವ್ವನ ಕೈ ನೆನಪಾತು ಮಾವಾ. ಟ್ಯೂಷನ್ ಗೀಷನ್ ಬ್ಯಾಡ. ಮಗಿ ನಿಮ್ಮ ಹಂತ್ಯಾಕನ ಇರ್ಲಿ," ಎಂದು ಪ್ಯಾಕೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಕಾಲು ತೊಳೆಯಲು ಹಿತ್ತಲಿಗೆ ಹೋದಳು.

ದೊಡ್ಡಬೀರಪ್ಪನಿಗೆ ಮಾರಿದ ಕುರಿಗಳೆಲ್ಲ ತಿರುಗಿ ಬಂದಷ್ಟು ಸಂತೋಷವಾಯಿತು. ಕಂಬಳಿ ಕೊಡವಿ ಮತ್ತೆ ಹಾಸಿದ. "ಬಾ ತಾಯಿ. ತೋಳ ಎಲ್ಲಿಗೆ ಬಂದಿತ್ತು?"

ಆಗಲೇ ಬಾಗಿಲಲ್ಲಿ ಶೃತಿ ಟೀಚರ್ ನಿಂತಿದ್ದಳು. "ನಮ್ಮತ್ತಿ ಗುಗ್ಗರಿ ಒಯ್ದಿದ್ದ ಬಟ್ಲ ರಿ," ಎಂದು ಬಟ್ಟಲು ಇಟ್ಟಳು. ಒಳಗೆ ಕೆಂಪು ಪ್ಯಾಕೆಟ್. "ಇದು ನಿನಗ ದುರ್ಗಾದೇವಿ. ನಮ್ಮ ಟ್ಯೂಷನ್ನಿನಾಗ ಚೆಂದಾಗಿ ಬರೆದೋರಿಗೆ ದಿನಾ ಒಂದು ಕೊಡ್ತೀನಿ."

"ದಿನಾನಾ ಟೀಚರ್?"

"ದಿನಾ," ಎಂದು ನಕ್ಕು ಅವಳು ಹೋದಳು.

ಬೇಲಿಯಾಚೆ ಹಸಿರು ಕಂಡ ಕುರಿಯ ಕಣ್ಣು ದೊಡ್ಡಬೀರಪ್ಪನಿಗೆ ಚೆನ್ನಾಗಿ ಗೊತ್ತು. ಆಗ ಯಾವ ಸಿಳ್ಳೆಯೂ ನಾಟುವುದಿಲ್ಲ. ದುರ್ಗಿ ಪ್ಯಾಕೆಟ್ ಹರಿದು, ಒಂದು ಮುಕ್ಕು ಬಾಯಿಗೆ ಹಾಕಿ, ಉಳಿದದ್ದನ್ನು ಚೀಲದ ಪುಸ್ತಕಗಳ ನಡುವೆ ಸೇರಿಸಿದಳು. ಸೌಭಾಗ್ಯ ಮುಖ ಒರೆಸಿಕೊಳ್ಳುತ್ತಾ ಬಂದಳು.

"ಅವ್ವಾ, ನಾ ನಾಳಿಂದ ಟ್ಯೂಷನ್ನಿಗೆ ಹೋಗ್ತೀನಿ."

"ಯಾಕವ್ವಾ?"

"ಓದಬೇಕು."

ಸೌಭಾಗ್ಯ ನಿಂತಲ್ಲೇ ನಿಂತಳು. ಓದು ಅನ್ನುವ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. "ಕೇಳಿದ್ರ್ಯಾ ಮಾವಾ? ಒಂದು ದಿನ ಒಳ್ಳೇದು ತಿಂದಿದ್ದಕ್ಕ ಮಗಿಗೆ ಎಂಥಾ ಬುದ್ಧಿ ಬಂತು ನೋಡ್ರಿ! ಇನ್ನ ಬ್ಯಾಡ ಅನ್ನಾಕ ಆಗ್ತತೇನು?"

ದೊಡ್ಡಬೀರಪ್ಪ ಬಾಯಿ ತೆರೆದ. ಅವ್ವನ ಬೆನ್ನ ಹಿಂದೆ ನಿಂತಿದ್ದ ದುರ್ಗಿ ಕತ್ತನ್ನು ಒಂದು ಕಡೆ ವಾಲಿಸಿ, ಸದ್ದಿಲ್ಲದೆ ತುಟಿ ಮಾತ್ರ ಆಡಿಸಿದಳು. ತಾತಾ...

ಅವನು ಬಾಯಿ ಮುಚ್ಚಿದ. "ಆಗಲಿ ತಾಯಿ. ಓದ್ಲಿ."

ಸೌಭಾಗ್ಯ ದೀಪ ಹಚ್ಚಲು ಒಳಗೆ ಹೋದಮೇಲೆ ದುರ್ಗಿ ಮೆಲ್ಲಗೆ ಬಂದು ಅವನ ಕಿವಿಗೆ ಬಾಯಿಟ್ಟಳು. "ನೀ ಅವ್ವಗ ಹೇಳಲಿಲ್ಲಲ್ಲ ತಾತಾ, ಅದಕ್ಕ ನಿನಗೂ ದಿನಾ ಒಂದು ತರ್ತೀನಿ."

ಅವನಿಗೆ ತುಸು ಸಮಾಧಾನವಾಯಿತು. "ಒಂದು ಪ್ಯಾಕೆಟ್ಟಾ ತಾಯಿ?"

"ಪ್ಯಾಕೆಟ್ ಅಲ್ಲ ತಾತಾ. ಒಂದು ಚಿಪ್ಸು."