ಆದ ಮೇಲೆ ಬರೆಯುವ ಭಾವ

ಸುದ್ದಿ ಬಂದಾಗ ನಾನು ರಾಗಿ ಬೀಸುತ್ತಿದ್ದೆ. ತಂದವನು ಬೀದಿಯ ಗಾಡಿಯವನು.

"ಪೆನ್ನಾರು ಹೊಳೆಗೆ ನೀರು ಬಂದ್ಬುಟ್ಟೈತೆ ಕಣಮ್ಮ! ಪಾವಗಡದಿಂದ ಬರೋ ಗಾಡಿ ಒಂದು ಕೊಚ್ಕೊಂಡು ಹೋಯ್ತಂತೆ."

"ಯಾರ ಗಾಡಿ?"

"ಗೊತ್ತಿಲ್ಲ. ಎತ್ತಿನ ಕೊಂಬಷ್ಟೇ ಕಾಣ್ತಿತ್ತಂತೆ."

ನನ್ನ ಯಜಮಾನರು ಹುಣಸೆಹಣ್ಣಿನ ಗಾಡಿಯೊಂದಿಗೆ ಪಾವಗಡಕ್ಕೆ ಹೋಗಿದ್ದರು. ಬೆಳಿಗ್ಗೆಯೇ ಮಧುಗಿರಿಯ ಮನೆಗೆ ವಾಪಸು ಬರಬೇಕಿತ್ತು. ಬಾವಿಯಲ್ಲಿ ನೀರಿದೆ, ಕೂಸಿನ ಜ್ವರ ಬಿಟ್ಟಿದೆ ಎಂದು ದಿನಾ ದೇವರ ಕರುಣೆ ಎಣಿಸುವವಳು ನಾನು. ಅಂದು ಎಣಿಸಲು ಒಂದೂ ಸಿಗಲಿಲ್ಲ.

ಜಗಲಿಯಲ್ಲಿದ್ದ ಭಾವನವರತ್ತ, ಅಂದರೆ ಯಜಮಾನರ ಅಣ್ಣನತ್ತ, ಬಾಗಿಲ ಸಂದಿಯಿಂದ ನೋಡಿದೆ. ಅವರೆಂಥವರು ಗೊತ್ತೇ? ಮಹಾರಾಜರೇ ಬಂದು ಬೇಡಿದರೂ ಆಗದ್ದನ್ನು ಆಯಿತೆಂದು ಬರೆಯದ ಮಂಡಿ ಗುಮಾಸ್ತರು! ಮೂಟೆ ಹೇರಿದ ಗಾಡಿ ಕೆರೆ ಏರಿ ದಾಟುವವರೆಗೆ ನಿಂತು ನೋಡಿ, ಆಮೇಲೆ ಬಂದು "ಸರಕು ಕಳಿಸಿದೆವು" ಎಂದು ಬರೆಯುವರು.

"ಅಯ್ಯೋ, ಕಾಗದಕ್ಕಿಂತ ಮುಂಚೆ ಗಾಡೀನೇ ಹೋಗಿ ಕೂತಿರ್ತದಲ್ಲಯ್ಯಾ!" ಎಂದು ಮಂಡಿಯ ಸಾಹುಕಾರರು ತಲೆ ಚಚ್ಚಿಕೊಂಡರೆ, "ಕೂತಿರ್ಲಿ ಬುಡಿ, ನನ್ನ ಮಾತು ಸುಳ್ಳಾಗಲ್ವಲ್ಲ" ಎನ್ನುವರು.

ನಮ್ಮ ಲಗ್ನಪತ್ರಿಕೆಯನ್ನೂ ಬಿಟ್ಟರೇ? "ವಿವಾಹವು ನಡೆಯಬಹುದು" ಎಂದು ಬರೆದಿದ್ದರು! ನಮ್ಮಪ್ಪ ಬೆವೆತುಹೋದರು. "ಬಹುದು ಅಂದ್ರೆ ಹೆಂಗೆ ಸ್ವಾಮಿ? ಹುಡುಗ ಓಡೋಗ್ತಾನಾ?"

"ತಾಳಿ ಕಟ್ಲಿ, ತಿದ್ದಿ ಕೊಡ್ತೀನಿ."

ಅಂಥ ಭಾವನವರು ಈಗ ಮಸಿಕುಡಿಕೆ ಎಳೆದುಕೊಂಡರು. ಹುಣಸೆಹಣ್ಣು ಕೊಂಡ ಪಾವಗಡದ ಸಾಹುಕಾರರಿಗೆ ಬರೆಯುತ್ತಾ, ಎಂದಿನಂತೆ ಗಟ್ಟಿಯಾಗಿ ಓದಿಕೊಂಡರು: "ನನ್ನ ತಮ್ಮ ಕ್ಷೇಮವಾಗಿ ಮನೆ ಸೇರಿದನು."

ನಮ್ಮಲ್ಲಿ ಭಾವನೊಡನೆ ಮಾತಾಡುವ ಪದ್ಧತಿಯಿಲ್ಲ. ಆದರೂ ಬಾಗಿಲ ಹಿಂದಿನಿಂದ ಬಾಯಿಬಿಟ್ಟೆ. "ಅವ್ರಿನ್ನೂ ಬಂದಿಲ್ಲ ಭಾವ."

"ಬಂದ ಕಣಮ್ಮ. ಬರೆದ್ಬುಟ್ಟೆ. ನಾನು ಸುಳ್ಳು ಬರೆಯೋನಲ್ಲ ಅಂತ ನಮ್ಮ ಮನೆದೇವ್ರು ನರಸಿಂಹಸ್ವಾಮಿಗೂ ಗೊತ್ತು. ನನ್ನ ಮಾತು ಉಳಿಸೋಕೆ ಇನ್ನು ಆ ದೇವ್ರುಂಟು, ಅವನ ಮರ್ಯಾದೆಯುಂಟು."

ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಎತ್ತಿನ ಗಂಟೆ. ಯಜಮಾನರು ಮೊಣಕಾಲವರೆಗೆ ಕೆಸರಾಗಿ ನಿಂತಿದ್ದರು. ನೀರಿಳಿಯಲೆಂದು ಆಚೆ ದಡದಲ್ಲಿ ಕಾದಿದ್ದರಂತೆ. ಕೊಚ್ಚಿಹೋದದ್ದು ಬೇರೆಯವರ ಗಾಡಿ. ಆ ಮನೆಯವರಿಗಾಗಿಯೂ ಒಂದು ಬತ್ತಿ ಹಚ್ಚಿ ಕೈಮುಗಿದೆ.

ಭಾವನವರು ತಮ್ಮನ ಮುಖ ನೋಡಲಿಲ್ಲ. ಅಷ್ಟು ಹೊತ್ತೂ ತೊಡೆಯ ಕೆಳಗೆ ಅಡಗಿಸಿಟ್ಟಿದ್ದ ಕಾಗದವನ್ನು ಎಳೆದು ಚಾಚಿದರು.

"ತಗಳ್ಲಾ, ನಾಳೆ ಅಂಚೆಗೆ ಹಾಕು. ಈಗ ಹಾಕ್ಬೌದು."

ಆಮೇಲೆ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು.

ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.