ಡಬ್ಬಿ ಗುಂಡು, ಕಡ್ಡಿ ಗುಂಡು

ಮನಿಗೆ ಪಿಸ್ತೂಲು ಬಂತಂದ್ರ ಕಳ್ಳರು ಹೆದರತಾರೋ ಇಲ್ಲೋ ನನಗ ಗೊತ್ತಿಲ್ಲ, ಮನಿ ಮಂದಿ ತಲಿ ಕೆಡೋದಂತೂ ಖರೇ. ನಮ್ಮಲ್ಲಿ ಕೆಟ್ಟದ್ದು ಇನ್ನೂ ನೆಟ್ಟಗಾಗಿಲ್ಲ.

ನಮ್ಮ ಮನಿಯವರು ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ವ್ಯಾಪಾರಿ. ಮನಿ ಇರೋದು ಊರ ಹೊರಗ, ಕದರಮಂಡಲಗಿ ರಸ್ತಾಕ್ಕ. ಮನ್ಯಾಗ ಅವರು, ನಾನು, ಅವರ ಅಕ್ಕ, ಅಂದ್ರ ನನ್ನ ನಾದಿನಿ, ಮೂರೇ ಮಂದಿ ಮುದುಕರು. ಎರಡು ಸಲ ಕಳ್ಳರು ಬಂದು ಹ್ವಾದ ಮ್ಯಾಲ ಅವರು ಲೈಸೆನ್ಸ್ ಮಾಡಿಸಿ ಪಿಸ್ತೂಲು ತಂದ್ರು.

೧. ಕಾಯಿ ನೋಡಿದಂಗ

ಗುಂಡು ತರಾಕ ಹುಬ್ಬಳ್ಳಿಗೆ ಹೋದ್ವಿ. ಅಂಗಡಿಯಾಂವ ಎರಡು ನಮೂನಿ ಮುಂದಿಟ್ಟ. ಒಂದರ ಮೂತಿ ಚೂಪ, ಒಂದರ ಮೂತಿ ಮೊಂಡ, ನಡುವ ಸಣ್ಣ ತೂತು.

ನಮ್ಮವರು ಒಂದನ್ನ ಎತ್ತಿ ಮೂಸಿದ್ರು. ಬೀಜ ಗಲಗಲ ಅಂತಾವೇನಂತ ಕಿವಿ ಹತ್ರ ಅಳ್ಳಾಡಿಸಿದ್ರು. ಮುರದು ನೋಡಾಕ ಉಗುರು ಹಚ್ಚೋದ್ರಾಗ ಅಂಗಡಿಯಾಂವ ಓಡಿ ಬಂದು ಕೈ ಹಿಡಕೊಂಡ.

"ಯಜಮಾನ್ರ, ಇದು ಮೆಣಸಿನಕಾಯಿ ಅಲ್ರಿ!"

"ಗೊತ್ತೈತೋ ಮಾರಾಯಾ. ಹಂಗಂತ ಕಣ್ಣು ಮುಚ್ಚಿ ತಗೋಬೇಕೇನು?" ಅಂದು, ನನ್ನ ಕಡೆ ತಿರುಗಿ, "ಚೂಪಂದು ಕಡ್ಡಿ, ಮೊಂಡಂದು ಡಬ್ಬಿ. ತಿಳೀತಿಲ್ಲೋ?" ಅಂದ್ರು. ನಮ್ಮ ಕಡೆ ಉದ್ದ ಕಾಯಿಗೆ ಕಡ್ಡಿ, ಗಿಡ್ಡ ದಪ್ಪ ಕಾಯಿಗೆ ಡಬ್ಬಿ ಅಂತೀವಿ. ನನಗ ಆಗ ತಿಳೀತು. ಅಂಗಡಿಯಾಂವಗ ತಿಳೀದಂಗಾತು.

೨. ಗ್ವಾಡಿ ಹಿಂದ

ಅಂಗಡಿಯಾಂವ ಕುಂದ್ರಿಸಿ ಹೇಳಿದ: "ಈ ಚೂಪಂದು ಕಳ್ಳನ್ನೂ ದಾಟತೈತಿ, ಗ್ವಾಡೀನೂ ದಾಟತೈತಿ. ಮೊಂಡಂದು ಹೊಡತ ತಿಂದವನ ಮೈಯಾಗ ಅರಳಿ ಅಲ್ಲೇ ನಿಲ್ಲತೈತಿ. ನಿಮ್ಮ ಗ್ವಾಡಿ ಹಿಂದ ಯಾರು ಮಲಗತಾರ್ರಿ?"

"ಒಂದರ ಹಿಂದ ಎಮ್ಮಿ, ಒಂದರ ಹಿಂದ ನಮ್ಮಕ್ಕ."

"ಹಂಗಾರ ಮನ್ಯಾಗ ಮೊಂಡಂದೇ ಚೊಲೊ."

ನಮ್ಮವರು ಎರಡೂ ಗುಂಡು ಅಂಗೈಯಾಗ ಇಟ್ಟು ತೂಗಿ ನೋಡಿದ್ರು. ನಾನು ಅವರ ತೋಳು ಜಗ್ಗಿದೆ. "ಅಯ್ಯ, ಏನ್ ವಿಚಾರ ಮಾಡಾಕತ್ತೀರಿ? ಲಗೂನ ಡಬ್ಬಿ ಅನ್ರಿ!"

"ಅನ್ನತೇನಿ ತಡಿ. ಎಮ್ಮಿ ಗಬ್ಬ ಐತಲ್ಲ, ಅದರದ್ದೇ ಚಿಂತಿ ಹತ್ತಿತ್ತು."

೩. ಮಂಚ

ಡಬ್ಬಿನೇ ತಂದ್ವಿ. ಆದ್ರೂ ನನಗ ಧೈರ್ಯ ಇಲ್ಲ. ಕಳ್ಳಗ ಹೊಡ್ಯಾಕ ಹೋಗಿ ನಾದಿನಿಗೆ ಬಡದ್ರ? ದಿನಾ ಸಂಜಿಕ ಅಕಿ ಮಂಚ ಗ್ವಾಡಿ ಬಿಟ್ಟು ಬಾಗಲ ಕಡೆ ಇಷ್ಟಿಷ್ಟು ಜಗ್ಗಿದೆ. ನಾಕನೇ ದಿನ ನಾದಿನಿ ಕೇಳಿದ್ಲು:

"ಎವ್ವಾ, ನನ್ನ ಮನಿ ಹೊರಗ ಹಾಕಬೇಕಂದ್ರ ಬಾಯಿಬಿಟ್ಟು ಹೇಳು. ದಿನಕ್ಕ ಎರಡೆರಡು ಮೊಳ ಯಾಕ ಜಗ್ಗತಿ?"

೪. ಕೆಂಪು ಕಳ್ಳ

ಎಲೆಕ್ಷನ್ ಬಂತು. ಹತಿಯಾರ ಎಲ್ಲಾ ಠಾಣೇಕ ಜಮಾ ಮಾಡ್ರಿ ಅಂದ್ರು. ನಮ್ಮವರು ಪಿಸ್ತೂಲು ಕೊಟ್ಟು ಪ್ಯಾಟಿಗೆ ಹ್ವಾದ್ರು. ಅವತ್ತು ಮಧ್ಯಾಹ್ನ ಅಡಗಿಮನ್ಯಾಗಿಂದ ಹೊರಗ ಬಂದೆ, ಪಡಸಾಲ್ಯಾಗ ಒಬ್ಬಾಂವ ಕಪಾಟು ತಗೀಲಿಕ್ಕೆ ಹತ್ಯಾನ! ಗ್ವಾಡಿ ಹಿಂದ ನಾದಿನಿ ಗೊರಕಿ.

ಒಳಗ ಓಡಿದೆ. ಎರಡು ಭರಣಿ ಖಾರಪುಡಿ. ಒಂದು ಗುಂಟೂರಂದು, ಒಂದು ನಮ್ಮ ಬ್ಯಾಡಗಿ ಡಬ್ಬೀದು. ಯಾವುದು? ಅಲ್ಲೇ ನಿಂತು ವಿಚಾರ ಮಾಡಿದೆ. ಹುಬ್ಬಳ್ಳಿಯಾಂವನ ಮಾತು ನೆನಪಾತು. ಡಬ್ಬೀ ಭರಣಿ ಎತ್ತಿ ಪೂರಾ ಅವನ ಮಾರಿಗೆ ಸುರವಿದೆ.

ಅಂವ ಕಣ್ಣು ಒರಸಿಕೊಂಡ, ತುಟಿ ನೆಕ್ಕಿದ. "ಅಜ್ಜೀ, ಖಾರಾನೇ ಇಲ್ಲಲ್ರಿ" ಅಂದು ಓಡಿ ಹ್ವಾದ.

ನಮ್ಮವರು ಬಂದು ತಲಿ ಬಡಕೊಂಡ್ರು. "ಬಾಜೂಕ ಗುಂಟೂರ ಇತ್ತಲ್ಲೇ! ಡಬ್ಬಿ ಬಣ್ಣಕ್ಕ, ಖಾರಕ್ಕಲ್ಲ!"

"ಮನ್ಯಾಗ ಡಬ್ಬಿನೇ ಚೊಲೊ ಅಂತ ತಂದಾವ್ರು ಯಾರು?"

ಸಂಜೀಕ ಕಳ್ಳ ರಾಣೇಬೆನ್ನೂರು ಬಸ್ ಸ್ಟ್ಯಾಂಡಿನ್ಯಾಗ ಪೊಲೀಸರ ಕೈಗೆ ಸಿಕ್ಕ. ನಳದಾಗ ಮೂರು ಸಲ ತೊಳಕೊಂಡ್ರೂ ಅಂಗಿ, ಕಿವಿ, ಕುತಿಗಿ ಎಲ್ಲಾ ಕೆಂಪ. ನಾವಿಬ್ಬರೂ ಠಾಣೇಕ ಹೋದಾಗ ನಮ್ಮವರು ಅವನ ಮಾರಿನೂ ನೋಡಲಿಲ್ಲ. ಕಾಲರ್ ಹಿಡದು ಹೆಬ್ಬಟ್ಟಿಲೆ ತಿಕ್ಕಿದ್ರು. "ನೋಡ್ರಿ ಸಾಹೇಬ್ರ, ಬಣ್ಣ ಬಿಟ್ಟಿಲ್ಲ. ನಮ್ಮ ಅಂಗಡೀದು!"

ಸಾಹೇಬ್ರು ನಕ್ಕು, "ಎಲೆಕ್ಷನ್ ಮುಗದ ಮ್ಯಾಲ ಪಿಸ್ತೂಲು ಒಯ್ರಿ" ಅಂದ್ರು.

"ಅದು ಇಲ್ಲೇ ಇರಲಿ ಬಿಡ್ರಿ," ಅಂದೆ ನಾನು. "ನಾ ಹೊಡದದ್ದು ಹೊಡತ ತಿಂದವನ ಮ್ಯಾಲೇ ನಿಂತೈತಿ. ಗ್ವಾಡಿ ದಾಟಿಲ್ಲ. ನಮ್ಮ ನಾದಿನಿ ನಿದ್ದಿ ಸುದ್ದಾ ಕೆಟ್ಟಿಲ್ಲ."

ಸಾಹೇಬ್ರ ನಗು ನಿಂತು ಹೋತು. ಪೆನ್ನು ತಗೊಂಡ್ರು.

"ಹಂಗಾರ ಅಜ್ಜಿ, ಎಲೆಕ್ಷನ್ ಮುಗಿಯೂತನ ಆ ಭರಣಿನೂ ತಂದು ಜಮಾ ಮಾಡ್ರಿ."