ಬರಿಮೈ ಕಪಾಟು

ಕನಸು ಕಾಣುವ ಬಡಿಗನಿಗೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಅಡುಗೆಮನೆ ಕಪಾಟುಗಳಿಗೆ ಮೈಕಾ ಹಾಳೆ ಅಂಟಿಸುವವನು. ಗೋಂದು ಬಳಿದ ಮೇಲೆ ಅದು ಬೆರಳಿಗೆ ಹತ್ತದಷ್ಟು ಆರುವ ತನಕ ಸುಮ್ಮನೆ ಕೂಡಬೇಕು. ಕೂತರೆ ಕಣ್ಣು ತೆರೆದೇ ಕನಸು ಬೀಳುತ್ತದೆ.

ಕನಸು ಯಾವಾಗಲೂ ಒಂದೇ, ಬೆಟಗೇರಿಯ ನಮ್ಮ ಮನೆಯ ಕಪಾಟು. ಬಾಗಿಲುಗಳಿಗೆಲ್ಲ ಮೈಕಾ ಹಚ್ಚಿದ್ದೆ. ಹೊಸ್ತಿಲಲ್ಲಿ ನಿಂತವರಿಗೆ ಮೊದಲು ಕಾಣುವ ಮಗ್ಗಲು ಮಾತ್ರ ಹಾಳೆ ಸಾಲದೆ ಬರೀ ಪ್ಲೈವುಡ್. ನೋಡಿದವರು ನಕ್ಕಾರೆಂದು ಹೆಂಡತಿ ಅದಕ್ಕೆ ಜೋಳದ ಚೀಲ ಅಡ್ಡ ಇಟ್ಟಿದ್ದಳು.

"ಬಡಿಗೇರ ಮನಿ ಅಂತ ಹೇಳಾಕ ನಾಚಿಕಿ ಬರತೈತ್ರಿ" ಅನ್ನುತ್ತಿದ್ದಳು.

ಆ ಮಗ್ಗಲಿಗೆ ಸಾಗವಾನಿ ಗೆರೆಯ ಹಾಳೆ ಹಚ್ಚಿ ಅವಳು ನಗುವುದನ್ನು ನೋಡಬೇಕು, ಅಷ್ಟೇ ನನ್ನ ಆಸೆ.

ಗೆದ್ದಲು

ಮುಂಡರಗಿಯ ಒಂದು ಮನೆಯಲ್ಲಿ ಗೋಂದು ಆರುತ್ತಿತ್ತು, ನಾನು ಕನಸಿನಲ್ಲಿದ್ದೆ. ಆ ಮನೆಯ ಅಜ್ಜಿ ಹಾಳೆಯನ್ನು ಟಕಟಕ ಬಡಿದು ನನ್ನನ್ನು ಎಬ್ಬಿಸಿದಳು.

"ಯಾವ ಗಿಡದ್ದೋ ತಮ್ಮಾ ಇದು?"

"ಗಿಡದ್ದಲ್ಲಬೇ ಅಜ್ಜಿ. ಹಾಳಿ ಮ್ಯಾಲೆ ಸಾಗವಾನಿ ಚಿತ್ರ ಅಷ್ಟ."

ಅಜ್ಜಿ ಚಿತ್ರವನ್ನು ಸವರಿ ನಿಟ್ಟುಸಿರಿಟ್ಟಳು. "ನನಗೇನೋ ಹೇಳಿದಿ. ಕಟ್ಟಿಗಿ ಅಂತ ತಿನ್ನಾಕ ಬರೂ ಗೆದ್ದಲ ಹುಳಕ್ಕ ಯಾರು ಹೇಳವ್ರು?"

ಲಗ್ನದ ತನಕ

ಹೊಸ ಮೈಕಾದ ಮೇಲೆ ಗೀರು ಬೀಳದಿರಲೆಂದು ತೆಳು ಪ್ಲಾಸ್ಟಿಕ್ ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಸುಲಿಯಬೇಕು. ಲಕ್ಷ್ಮೇಶ್ವರದ ಒಬ್ಬರು ಅಕ್ಕಾರು ಸುಲಿಯಲು ಬಿಡಲೇ ಇಲ್ಲ.

"ಬ್ಯಾಡ್ರಿ, ಹೊಸಾದು ಹೊಲಸಾಗತೈತಿ!"

ಎಷ್ಟೋ ದಿನದ ಮೇಲೆ ಅಲ್ಲಿಗೇ ಬಾಗಿಲು ರಿಪೇರಿಗೆ ಹೋದೆ. ಒಗ್ಗರಣೆ ಸಿಡಿದು ಪ್ಲಾಸ್ಟಿಕ್ಕು ಹಳದಿಯಾಗಿತ್ತು. ಒಳಗಿನ ಮೈಕಾದ ಗುಲಾಬಿ ಹೂಗಳು ಮಂಜಿನಲ್ಲಿ ಅರಳಿದಂತೆ ಕಂಡವು.

"ಈಗರ ಸುಲೀಲೇನ್ರಿ ಅಕ್ಕಾರ?"

"ಮಗನ ಲಗ್ನಕ್ಕ ಸುಲಿಯೂಣ್ರಿ."

"ಮಗ ಏನ್ ಮಾಡ್ತಾನ್ರಿ?"

"ಎರಡನೇ ಇಯತ್ತೆ ಓದಾಕತ್ಯಾನ್ರಿ."

ಚೀಲ

ಶಿರಹಟ್ಟಿಯ ಕೆಲಸದಲ್ಲಿ ಸಾಗವಾನಿ ಗೆರೆಯದೇ ಒಂದು ಹಾಳೆ ಉಳಿಯಿತು. ಮನೆಯ ಮಾಲಕರು "ಒಯ್ರಿ" ಅಂದರು. ಸುರುಳಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಹೊರಟೆ. ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಫ್ಯಾನುಗಳು ನಿಧಾನಕ್ಕೆ ತಿರುಗುತ್ತಿದ್ದವು, ನನಗೂ ಹಾರುತ್ತಿದ್ದೇನೆ ಅನಿಸಿತು.

ಹೆಂಡತಿ ಡಂಬಳಕ್ಕೆ ತವರಿಗೆ ಹೋಗಿದ್ದಳು. ಚೀಲ ಸರಿಸಿ, ಗೋಂದು ಬಳಿದು, ಆರುವ ತನಕ ಕನಸು ಕಂಡು, ಹಾಳೆ ಅಂಟಿಸಿದೆ. ಬಂದವಳು ಕೈಚೀಲ ಇಳಿಸುವುದನ್ನೂ ಮರೆತು ಅದನ್ನೇ ಸವರಿದಳು. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಕನಸಿನಲ್ಲಿ ಕಂಡಂತೆಯೇ ನಕ್ಕಳು. ನನ್ನ ಎದೆ ತುಂಬಿಬಂತು.

ಮರುದಿನ ಎದ್ದು ನೋಡಿದರೆ ಜೋಳದ ಚೀಲ ಮತ್ತೆ ಅದೇ ಜಾಗದಲ್ಲಿ ಕೂತಿದೆ!

"ಮತ್ಯಾಕ ಇಟ್ಟಿ ಇದನ್ನ?"

"ಮೊದಲ ಮಾನ ಹೋಗಬಾರದಂತ ಇಟ್ಟಿದ್ದೆ. ಈಗ ಹೊಳಪು ಹೋಗಬಾರದಂತ ಇಟ್ಟೇನ್ರಿ."

ಈಗ ಯಾರಾದರೂ ನೋಡಲು ಬಂದರೆ ಒಳಗಿನಿಂದ ಕೂಗು ಬರುತ್ತದೆ: "ರೀ, ಮಂದಿ ಬಂದಾರ, ಒಂಚೂರು ಚೀಲ ಸರಸ್ರಿ!"